ಸುರ ಹಿಡಿದವನಿಗೆ ಎದ್ದು ನಿಂತವರು

ಮೇಳದ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಏನಾದರೂ ಬರೆದುಕೊಡಿ ಎಂದು, ಈಗ ಮೇಳ ನಡೆಸುವ ಸ್ನೇಹಾ ಕೇಳಿದಾಗ ನನಗೆ ನಗು ಬಂತು.

"ನನ್ನ ಸಾಲಿ ಐದನೇ ಇಯತ್ತೆಗೇ ಮುಗದೈತೆವ್ವಾ. ನನ್ನ ಕಡೆ ಏನ್ ಬರಸ್ತಿ?" ಎಂದೆ.

"ಮಾತಾಡಿದಂಗ ಬರೀರಿ ಕಾಕಾ. ಆದ್ರ ಬರೇ ಚಂದಂದಷ್ಟ ಬರೀಬ್ಯಾಡ್ರಿ," ಎಂದಳು.

ಹಾಗೆ ಹೇಳುವ ಹಕ್ಕು ಅವಳಿಗಿದೆ. ಈ ಕೆಲಸದಲ್ಲಿ ನಾನು ಬೇರೆ ಬೇರೆ ದೇಶದ ಮಕ್ಕಳನ್ನು ಒಂದು ಜಮಖಾನೆಯ ಮೇಲೆ ಕೂರಿಸಿದೆ. ಅದೇ ಕೆಲಸದಲ್ಲಿ ನನ್ನ ತಮ್ಮನನ್ನು ಕಳೆದುಕೊಂಡೆ. ಅವನು ಬದುಕಿದ್ದಾನೆ. ಆದರೂ ಕಳೆದುಕೊಂಡೆ. ಅದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ, ಹೊಸಬರಿಗೆ ಬಾವಿಯ ನೀರು ಸಿಹಿ ಎಂದು ಹೇಳಿ ಬಾವಿಗೆ ಕಟ್ಟೆಯಿಲ್ಲ ಎಂಬುದನ್ನು ಮುಚ್ಚಿಟ್ಟ ಹಾಗೆ.

ನಮ್ಮದು ಸನಾದಿ, ಅಂದರೆ ಶಹನಾಯಿ, ಊದುವ ಮನೆತನ. ಮದುವೆ, ದೇವರ ಕಾರ್ಯ, ಸತ್ತವರ ಮನೆ, ಎಲ್ಲ ಕಡೆ ಅಪ್ಪ ಊದಿದ. ನಮ್ಮಲ್ಲಿ ಸನಾದಿ ಯಾವಾಗಲೂ ಜೋಡಿ. ಒಬ್ಬ ರಾಗ ನುಡಿಸುತ್ತಾನೆ, ಪಕ್ಕದಲ್ಲಿ ಇನ್ನೊಬ್ಬ ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುತ್ತಾನೆ. ಅದಕ್ಕೆ ಸುರ ಹಿಡಿಯುವುದು ಅನ್ನುತ್ತೇವೆ. ಸುರ ಹಿಡಿದವನು ಮೂಗಿನಿಂದ ಉಸಿರು ಎಳೆಯುತ್ತಲೇ, ಗಲ್ಲದಲ್ಲಿ ತುಂಬಿಟ್ಟ ಗಾಳಿಯನ್ನು ಬಾಯಿಂದ ಬಿಡುತ್ತಿರುತ್ತಾನೆ. ಸ್ವರ ಕಡಿಯುವುದೇ ಇಲ್ಲ. ಅಪ್ಪ ನುಡಿಸುವಾಗ ನಾನು ಸುರ ಹಿಡಿದೆ. ಅಪ್ಪ ತೀರಿಕೊಂಡ ಮೇಲೆ ನಾನು ನುಡಿಸಿದೆ, ತಮ್ಮ ಮಾರುತಿ ಹಿಡಿದ. ಅಪ್ಪ ಕಲಿಸಿದ ಒಂದು ಕಟ್ಟಳೆ ಇತ್ತು. ರಾಗ ಮುಗಿದರೂ ಸುರ ನಿಲ್ಲಿಸುವಂತಿಲ್ಲ. ನುಡಿಸಿದವನು ಸನಾದಿ ಕೆಳಗಿಟ್ಟು, ಸುರ ಹಿಡಿದವನ ಮೊಣಕಾಲು ಮುಟ್ಟಬೇಕು. ಮುಟ್ಟಿದ ಮೇಲೆಯೇ ಅವನಿಗೆ ಬಿಡುಗಡೆ. ಸುರ ಹಿಡಿದವನು ಕಣ್ಣು ಮುಚ್ಚಿಕೊಂಡಿರುತ್ತಾನೆ, ಅವನಿಗೆ ಸಭೆ ಮುಗಿದದ್ದು ಗೊತ್ತಾಗುವುದಿಲ್ಲ. ಅದಕ್ಕಾಗಿ ಈ ಕಟ್ಟಳೆ.

ಮೇಳ ಹುಟ್ಟಿಸಿದವರು ಸ್ನೇಹಾಳ ಅಜ್ಜ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ಜೈನರು. ಊರಿಗೆಲ್ಲ ಕಾಕಾ. ಈಗ ಮಕ್ಕಳು ನನ್ನನ್ನೂ ಹಾಗನ್ನುತ್ತಾರೆ, ಆದರೆ ನಾನು ಕಾಕಾ ಎಂದರೆ ಅವರೇ. ಎಲ್ಲೋ ಪರದೇಶಕ್ಕೆ ಹೋದಾಗ, ಹಿಂದೆ ಯುದ್ಧ ಮಾಡಿದ ದೇಶಗಳ ಮಕ್ಕಳು ಒಟ್ಟಿಗೆ ಕುಳಿತು ವಾದ್ಯ ನುಡಿಸುವುದನ್ನು ನೋಡಿ ಬಂದಿದ್ದರು. ಬಂದವರೇ ನನ್ನನ್ನು ಕರೆಸಿದರು.

"ದುಂಡಪ್ಪಾ, ನಮ್ಮ ಊರಾಗ ಕನ್ನಡದ ಹುಡುಗೂರು ಒಂದ ಕಟ್ಟಿಗಿ, ಮರಾಠಿ ಹುಡುಗೂರು ಒಂದ ಕಟ್ಟಿಗಿ ಕುಂದರ್ತಾವ. ನಡುವ ನಾಕ ದೇಶದ ಹುಡುಗೂರನ್ನ ತಂದ ಕುಂಡ್ರಸೂಣು. ಆಗ ನಮ್ಮ ಜಗಳ ಎಷ್ಟ ಸಣ್ಣದೈತಿ ಅಂತ ಅವಕ್ಕ ಕಾಣಸ್ತೈತಿ."

"ಕಾಕಾ, ನನಗ ಅವರ ಮಾತ ಬರೂದಿಲ್ರಿ."

"ಅವರಿಗೂ ನಿನ್ನ ಮಾತ ಬರೂದಿಲ್ಲ. ಸರಿಸಮ ಆತಲ್ಲ!"

ಹೀಗೆ ನಾನು ನೌಕರಿಗೆ ಸೇರಿದೆ. ವಾದ್ಯ ಇಳಿಸುವುದು, ಒರೆಸುವುದು, ರಿಪೇರಿ ಮಾಡಿಸುವುದು, ನಮ್ಮ ಹುಡುಗರಿಗೆ ಸನಾದಿ, ಹಲಗೆ ವಾದ್ಯ ಕಲಿಸುವುದು, ಬಂದ ಮಕ್ಕಳನ್ನು ಮನೆಗಳಿಗೆ ಹಂಚುವುದು. ಹೊಸ ತಂಬಾಕು ಬರುವ ಮೊದಲು ಚಳಿಗಾಲದಲ್ಲಿ ಕಾಕಾನ ವಖಾರ, ಅಂದರೆ ಮೂಟೆ ಇಡುವ ಗೋದಾಮು, ಖಾಲಿ ಇರುತ್ತಿತ್ತು. ಅಲ್ಲೇ ತಾಲೀಮು. ಎಷ್ಟು ತೊಳೆದರೂ ತಂಬಾಕಿನ ಘಾಟು ಹೋಗುತ್ತಿರಲಿಲ್ಲ. ಮೊದಲ ದಿನ ಪಿಟೀಲಿನವರೆಲ್ಲ ಒಟ್ಟಿಗೆ ಸೀನಿದರು. ಕಾಕಾ ಗಂಭೀರವಾಗಿ, "ಎಲ್ಲಾರೂ ಒಂದ ತಾಳಕ್ಕ ಸೀನ್ಯಾರ. ಮೇಳ ಸುರು ಆತು," ಎಂದರು.

ಆ ವರ್ಷ ನಾವು ಮಾಡಿದ ತಪ್ಪನ್ನು ಬೇರೆ ಯಾವ ಊರಿನವರೂ ಮಾಡಲಾರರು. ಮಕ್ಕಳನ್ನು ಕಾಕಾನ ಬಳಗದ ಜೈನರ ಮನೆಗಳಲ್ಲಿ ಇಳಿಸಿದ್ದೆ. ತಾಲೀಮನ್ನು ಹೊತ್ತು ಮುಳುಗುವವರೆಗೂ ನಡೆಸಿದೆ. ಜೈನರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿದು ಒಲೆ ಆರುತ್ತದೆ ಎಂಬುದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅತಿಥಿಗಳಿಗೆ ನಡೆಯುತ್ತದೆ ಅಂದುಕೊಂಡೆ. ಆ ಮನೆಯವರು, ಇವರು ವಖಾರದಲ್ಲೇ ಉಂಡು ಬಂದಿರಬೇಕು ಅಂದುಕೊಂಡರು. ಮಕ್ಕಳು, ಈ ದೇಶದಲ್ಲಿ ರಾತ್ರಿ ಊಟವೇ ಇಲ್ಲ ಅಂದುಕೊಂಡರು. ಮರ್ಯಾದೆಗೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಆನಾ ಎಂಬ ಪೋಲೆಂಡಿನ ಹುಡುಗಿ ತಾಲೀಮಿನ ನಡುವೆ ತಲೆ ತಿರುಗಿ ಕುಳಿತುಬಿಟ್ಟಾಗ ಗುಟ್ಟು ಹೊರಬಿತ್ತು. ಮರುದಿನದಿಂದ ಹೊತ್ತು ಬಾಗುವ ಮೊದಲೇ ವಾದ್ಯ ಕಟ್ಟಿಸಿದೆ. ಹೊಸಬರೇ, ಬೇರೆ ದೇಶದವರನ್ನು ಅರಿತುಕೊಳ್ಳುವುದು ಎಂದರೆ ಮೊದಲು ನಿಮ್ಮ ಪಕ್ಕದ ಮನೆಯ ಒಲೆ ಯಾವಾಗ ಆರುತ್ತದೆ ಎಂದು ನೆನಪಿಡುವುದು.

ನನ್ನ ಮೇಲಿನವರೆಂದರೆ ಇಬ್ಬರು. ಒಬ್ಬರು ಕಾಕಾ. ಇನ್ನೊಬ್ಬರು ಮಕ್ಕಳನ್ನು ಕರೆತರುತ್ತಿದ್ದ ಜರ್ಮನಿಯ ಕಾರ್ಲ್ ಸಾಹೇಬರು. ಉದ್ದನೆಯ ಆಳು, ಮಾತು ಕಡಿಮೆ. ಕೈಯಲ್ಲಿ ಕಡ್ಡಿ ಹಿಡಿದು ನಿಂತರೆ ವಖಾರದ ಪಾರಿವಾಳಗಳೂ ಸುಮ್ಮನಾಗುತ್ತಿದ್ದವು. ಮೊದಲ ತಾಲೀಮಿನಲ್ಲಿ ಅವರು ಮಾರುತಿಯನ್ನು ತೋರಿಸಿ ಏನೋ ಕೇಳಿದರು. ಇಂಗ್ಲಿಷ್ ಬಲ್ಲ ಮೇಷ್ಟ್ರೊಬ್ಬರು ನಮಗೆ ಹೇಳಿದರು: "ಇವರು ಒಂದೇ ಸ್ವರ ಊದಾಕತ್ತಾರಲ್ಲ, ಇನ್ನೂ ಕಲಿಯಾಕತ್ತಾರೇನು ಅಂತ ಕೇಳ್ತಾರ."

ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು. ಮಾರುತಿಯೂ ನಕ್ಕ. "ಹೌದಂತ ಹೇಳ್ರಿ ಸರ್. ಹುಟ್ಟಿದಾಗಿಂದ ಒಂದ ಸ್ವರ ಕಲ್ಯಾಕತ್ತೀನಿ, ಇನ್ನೂ ಬಂದಿಲ್ಲ ಅಂತ ಹೇಳ್ರಿ."

ಆನಾ ನಗಲಿಲ್ಲ. ಅವಳದು ನಮ್ಮ ಸನಾದಿಯ ಹಾಗೆಯೇ ಗರಿಯ ಪೀಪಿ ಕಚ್ಚಿ ಊದುವ ಕರಿಯ ವಾದ್ಯ. ಅವರ ಮೇಳದಲ್ಲಿ ಅವಳು ಮೊದಲು ಒಂದು ಸ್ವರ ಕೊಡುತ್ತಾಳೆ, ಉಳಿದವರೆಲ್ಲ ಅದಕ್ಕೆ ತಮ್ಮ ವಾದ್ಯ ಹೊಂದಿಸಿಕೊಳ್ಳುತ್ತಾರೆ. ಅವಳು ಎದ್ದು ಬಂದು ಮಾರುತಿಯ ಎದುರು ನೆಲದ ಮೇಲೆ ಕುಳಿತು, ಅವನ ಗಲ್ಲ ಉಬ್ಬಿ ಇಳಿಯುವುದನ್ನು ನೋಡಿದಳು. ಮಾತಿಲ್ಲದೆ ಅವರಿಬ್ಬರಿಗೂ ಸ್ನೇಹವಾಯಿತು. ನನಗೆ ಸ್ವಲ್ಪ ಉರಿಯಿತು ಎಂಬುದನ್ನೂ ಬರೆಯುತ್ತೇನೆ. ರಾಗ ನುಡಿಸುವವನು ನಾನು, ಎಲ್ಲರೂ ನೋಡಬೇಕಾದದ್ದು ನನ್ನನ್ನು.

ಅವಳ ಸ್ವರ ಬೇರೆ, ನಮ್ಮ ಸುರ ಬೇರೆ. ನಮ್ಮದು ಒಂದು ಕೂದಲಷ್ಟು ಮೇಲೆ. ಸನಾದಿಯನ್ನು ಸ್ವಲ್ಪ ತಿದ್ದಿಸಲು ಆಗುವುದೇ ಎಂದು ಕಾರ್ಲ್ ಸಾಹೇಬರು ಕೇಳಿದರು. ಕಾಕಾ ಸಿಟ್ಟಾದರು. "ಅವರಪ್ಪನ ಸನಾದಿ ಅದು. ಕೊರ್ಯಾಕ ಅದೇನ ಗಜ್ಜರಿ ಏನ್ರಿ?" ಸಾಹೇಬರು ಸುಮ್ಮನೆ ತಲೆಯಾಡಿಸಿ, ಇಡೀ ಮೇಳವೇ ಸನಾದಿಗೆ ಹೊಂದಿಕೊಳ್ಳಲಿ ಎಂದರು. ತಂತಿಯವರು ಬಿಗಿ ಮಾಡಿಕೊಂಡರು, ಊದುವವರು ಒದ್ದಾಡಿದರು. ಸಂಜೆಯ ಹೊತ್ತಿಗೆ ಎಲ್ಲರೂ ಮಾರುತಿಯ ಸುರಕ್ಕೆ ಬಂದು ಸೇರಿದ್ದರು.

ಅಂದು ತಾಲೀಮು ಮುಗಿಸಿ ನಾನು ಮಾರುತಿಯ ಮೊಣಕಾಲು ಮುಟ್ಟಿದೆ. ಅವನು ಪೀಪಿಯನ್ನು ಬಾಯಿಂದ ತೆಗೆದ. ಸುರ ನಿಲ್ಲಲಿಲ್ಲ.

ಜೋರಾಗಿ ಏನಲ್ಲ. ಕಿವಿಗಿಂತ ಹಲ್ಲಿಗೆ ಹೆಚ್ಚು ತಿಳಿಯುವಂತೆ, ವಖಾರದ ಯಾವುದೋ ಮೂಲೆಯಲ್ಲಿ ಇತ್ತು. ಆಮೇಲೆ ಇಲ್ಲವಾಯಿತು. ಜಪಾನಿನಿಂದ ಬಂದ ಪಿಟೀಲಿನ ಹುಡುಗನೊಬ್ಬ ಎದ್ದು ಹೋಗಿ ಗೋಡೆಗೆ ಕಿವಿ ಹಚ್ಚಿದ. ಮರುದಿನದಿಂದ ಗೋಡೆಗೆ ದೂರವಾಗಿ ಕುರ್ಚಿ ಹಾಕಿಕೊಂಡ. ಕಾಕಾ ಮಾತ್ರ, "ಇಷ್ಟ ವರ್ಷ ಬರೇ ತಂಬಾಕ ತಿಂದ ವಖಾರಪ್ಪಾ ಇದು. ಹೊಸಾ ರುಚಿ ಸಿಕ್ಕೈತಿ, ಬಿಡಾಕ ಮನಸಿಲ್ಲ," ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಮೇಳ ಮುಗಿದು ಮಕ್ಕಳು ಹೋದ ಮೇಲೂ ಉಳಿದುಕೊಂಡಿದ್ದ ಕಾರ್ಲ್ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ಮಕ್ಕಳು ಇಲ್ಲಿಗೆ ಬಂದ ಮೇಲೆ ಸುರಕ್ಕೆ ಹೊಂದಿಕೊಳ್ಳಲು ದಿನಗಳು ಹೋಗುತ್ತವೆ. ಮಾರುತಿಯ ಸುರವನ್ನು ರೆಕಾರ್ಡ್ ಮಾಡಿ ಕಳಿಸಿದರೆ ಅವರವರ ಊರಲ್ಲೇ ಅಭ್ಯಾಸ ಮಾಡಿಕೊಂಡು ಬರಬಹುದು. ಒಳ್ಳೆಯ ವಿಚಾರವೇ. ಶಿವರಾತ್ರಿ ಕಳೆದಿತ್ತು, ಬಿಸಿಲು ಏರಿತ್ತು, ಹೊಸ ತಂಬಾಕು ಬಂದು ವಖಾರದಲ್ಲಿ ಮೂಟೆಗಳು ಛಾವಣಿ ಮುಟ್ಟಿದ್ದವು. ಸದ್ದಿಲ್ಲದ ಜಾಗ ಬೇಕೆಂದು ಮೂಟೆಗಳ ನಡುವೆಯೇ ಮಾರುತಿಯನ್ನು ಕೂರಿಸಿದೆವು. ಮೂಟೆ ಸದ್ದನ್ನು ಕುಡಿಯುತ್ತದೆ ಎಂದು ಕೊಲ್ಹಾಪುರದಿಂದ ಬಂದಿದ್ದ ರೆಕಾರ್ಡಿಂಗಿನವನು ಹೇಳಿದ. ಪಂಖ ಬಂದ್, ಕಿಟಕಿ ಬಂದ್.

ಮಾರುತಿಗೆ ಮೊದಲೇ ಕೆಮ್ಮಿತ್ತು. ಮೇಳವಿಲ್ಲದ ತಿಂಗಳುಗಳಲ್ಲಿ ಅವನು ಅದೇ ವಖಾರದಲ್ಲಿ ಮೂಟೆ ಹೊರುತ್ತಿದ್ದ. ಕೂರುವ ಮೊದಲು ನನ್ನನ್ನು ನೋಡಿ, "ಎಷ್ಟ ಹೊತ್ತ ಹಿಡೀಲಿ ಅಣ್ಣಾ?" ಎಂದ.

"ನಾ ಮುಟ್ಟೂ ತನಕ ಹಿಡಿ," ಎಂದೆ.

ಅವನು ಕಣ್ಣು ಮುಚ್ಚಿ ಸುರ ಹಿಡಿದ. ನಾವೆಲ್ಲ ಉಸಿರು ಬಿಗಿಹಿಡಿದು ಸ್ವಲ್ಪ ಹೊತ್ತು ನಿಂತೆವು. ನಮ್ಮ ಅಂಗಿಯ ಸದ್ದೂ ಬೀಳುತ್ತಿದೆ ಎಂದು ರೆಕಾರ್ಡಿಂಗಿನವನು ಸನ್ನೆ ಮಾಡಿದ. ಯಂತ್ರವನ್ನು ಹಾಗೇ ಬಿಟ್ಟು ಎಲ್ಲರೂ ಕಾಲಿನ ಬೆರಳ ಮೇಲೆ ಹೊರಗೆ ಬಂದು ಬಾಗಿಲೆಳೆದೆವು. ಅಂಗಳದಲ್ಲಿ ಚಹಾ ಬಂತು. ಮುಂದಿನ ವರ್ಷ ಜರ್ಮನಿಯಲ್ಲಿ ಮೇಳ ಕೂಡಿಸೋಣ, ದುಂಡಪ್ಪ ಅಲ್ಲಿ ಬಂದು ನುಡಿಸಲಿ ಎಂದು ಕಾರ್ಲ್ ಸಾಹೇಬರು ಎತ್ತಿದರು. ಕಾಕಾ ನನ್ನ ಬೆನ್ನಿಗೆ ಗುದ್ದಿ, "ಲೇ ದುಂಡ್ಯಾ, ವಿಮಾನದಾಗ ಸನಾದಿ ಬಾರಿಸಿ ಗೀರಿಸೀಯಲೇ, ಇಳಿಸಿ ಬಿಟ್ಟಾರು!" ಎಂದರು. ನಾನು ಎರಡನೆಯ ಕಪ್ ಚಹಾ ಕುಡಿದೆ. ವಿಮಾನ ಹೇಗಿರುತ್ತದೆ, ಚಳಿ ಎಷ್ಟಿರುತ್ತದೆ, ಏನು ತಿನ್ನುತ್ತಾರೆ ಎಂದೆಲ್ಲ ಕೇಳಿದೆ. ಮಾರುತಿ ನನ್ನ ತಲೆಯಲ್ಲೇ ಇರಲಿಲ್ಲ. ಮೊಣಕಾಲು ಮುಟ್ಟಬೇಕಾದ ಕೈಯಲ್ಲಿ ಚಹಾದ ಕಪ್ಪು ಇತ್ತು.

ನೆನಪಾದದ್ದು ಕಪ್ಪು ಕೆಳಗಿಡುವಾಗ.

ಓಡಿ ಹೋಗಿ ಬಾಗಿಲು ತೆರೆದೆ. ಸುರ ತುಂಬಿತ್ತು. ಎಳ್ಳಷ್ಟೂ ಅಲುಗದ, ಕಡಿಯದ ಸುರ. ನನಗೆ ಜೀವ ಬಂದಂತಾಯಿತು. ಎರಡು ಹೆಜ್ಜೆ ಮುಂದೆ ಹೋಗಿ ಮೂಟೆಯ ಮರೆ ದಾಟಿ ನೋಡಿದರೆ ಮಾರುತಿ ಮಗ್ಗುಲಾಗಿ ನೆಲಕ್ಕೆ ಬಿದ್ದಿದ್ದ. ಸನಾದಿ ಅವನಿಂದ ದೂರ ಉರುಳಿತ್ತು. ತುಟಿಯಲ್ಲಿ ರಕ್ತವಿತ್ತು. ಸುರ ಮಾತ್ರ ಇತ್ತು. ನಾನು "ಮಾರುತೀ" ಎಂದು ಚೀರಿದ ಮೇಲೆ ಅದು ನಿಂತಿತು.

ರೆಕಾರ್ಡಿಂಗಿನವನು ಹಿಂದಿನಿಂದ ಬಂದು, ಸ್ಪೀಕರ್ ಚಾಲೂ ಇದ್ದಿರಬೇಕು ಎಂದ. ನಾನು ಒಪ್ಪಿಕೊಂಡೆ. ಎಷ್ಟೋ ದಿನಗಳ ಮೇಲೆ ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಅವನೇ ಸಿಕ್ಕು, ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದ. "ದುಂಡಪ್ಪಾ, ಖರೇ ಹೇಳ್ತೇನಿ. ಆವತ್ತ ನಾ ಸ್ಪೀಕರ್ ತಂದಿರಲೇ ಇಲ್ಲ," ಎಂದ. ಬಸ್ಸು ಬಂತೆಂದು ಹತ್ತಿ ಹೋದ.

ಮಾರುತಿ ಉಳಿದ. ಆದರೆ ಇನ್ನು ಮೇಲೆ ಊದುವ ಮಾತೇ ಇಲ್ಲ ಎಂದರು ಡಾಕ್ಟರು. ಏನಾಯಿತೆಂದು ಕೇಳಿದವರಿಗೆಲ್ಲ ನಾನು, "ತಂಬಾಕಿನ ಧೂಳ್ರಿ," ಎಂದೆ. ಯಾರೂ ಮುಂದೆ ಕೇಳಲಿಲ್ಲ. ನಿಪ್ಪಾಣಿಯಲ್ಲಿ ಪ್ರತಿ ಕೆಮ್ಮಿನ ಪಾಪವನ್ನೂ ತಂಬಾಕೇ ಹೊರುತ್ತದೆ. ಕಾಕಾ ಕೂಡ ನಂಬಿ, ತಮ್ಮದೇ ವಖಾರದ ತಪ್ಪೆಂದು ಬಹಳ ನೊಂದುಕೊಂಡರು. ಅವರು ತೀರಿಕೊಳ್ಳುವವರೆಗೂ ನಾನು ಆ ನೋವನ್ನು ಅವರ ಮೇಲಿಂದ ಇಳಿಸಲಿಲ್ಲ. ಮಾರುತಿಯ ಹೆಂಡತಿ ಕಸ್ತೂರಿ, ಧೂಳಿಲ್ಲದ ಜಾಗ ಬೇಕೆಂದು ಅವನನ್ನು ತನ್ನ ತವರೂರು ಐಗಳಿಗೆ ಕರೆದುಕೊಂಡು ಹೋದಳು. ನಾನು ಅವನಿಗೆ ಮದ್ದು ಒಯ್ದೆ, ಹಣ್ಣು ಒಯ್ದೆ. ಆ ಮಧ್ಯಾಹ್ನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಳಗೇನಾಯಿತು ಎಂದು ಒಂದು ಸಲವೂ ಕೇಳಲಿಲ್ಲ. ನನಗೆ ಕೇಳದೆಯೇ ಗೊತ್ತಿತ್ತು. ನಾನು ಮುಟ್ಟಲಿ ಎಂದು ಕಾದು ಕಾದು ಅವನ ಎದೆ ಒಡೆದಿತ್ತು.

ಜರ್ಮನಿಯ ಮೇಳದ ಮಾತು ಅಲ್ಲಿಗೇ ನಿಂತಿತು. ಮರುವರ್ಷ ಆನಾ ಮತ್ತೆ ನಿಪ್ಪಾಣಿಗೆ ಬಂದಳು. ಬಂದವಳೇ ಮಾರುತಿಯನ್ನು ಹುಡುಕಿದಳು. ಈಗ ನಾಲ್ಕಾರು ಕನ್ನಡ ಮಾತು ಕಲಿತಿದ್ದಳು. "ಮಾರುತಿ ಎಲ್ಲಿ? ಮನೆಗೆ ಹೋಗೋಣ?" ಎಂದು ನನ್ನ ತೋಳು ಹಿಡಿದಳು. ಐಗಳಿಗೆ ಕರೆದುಕೊಂಡು ಹೋದರೆ ಅವನು ಹೇಳಿಬಿಡುತ್ತಾನೆ, ಅಣ್ಣ ಮುಟ್ಟಲಿಲ್ಲ ಎಂದು. ಕಾರ್ಲ್ ಸಾಹೇಬರಿಗೆ ತಿಳಿಯುತ್ತದೆ. ಎಲ್ಲ ದೇಶದ ಮಕ್ಕಳಿಗೂ ತಿಳಿಯುತ್ತದೆ. ನನ್ನ ಬಾಯಿಂದ ಬಂದ ಮಾತು ಇದು: "ಮಾರುತಿ ತೀರಿಕೊಂಡ."

ಅವಳಿಗೆ ಅರ್ಥವಾಗಲಿಲ್ಲ. ನಾನು ಆಕಾಶದ ಕಡೆ ಕೈ ತೋರಿಸಿ ಕಣ್ಣು ಮುಚ್ಚಿ ತೋರಿಸಿದೆ. ಅಷ್ಟು ಚೆನ್ನಾಗಿ ಯಾವ ಪರದೇಶದವರಿಗೂ ನಾನು ಏನನ್ನೂ ತಿಳಿಸಿದ್ದಿಲ್ಲ.

ಅವಳು ಅತ್ತಳು. ಮಧ್ಯಾಹ್ನದ ತಾಲೀಮಿಗೆ ಎಲ್ಲ ಮಕ್ಕಳಿಗೂ ಹೇಳಿದಳು. ಕಾಕಾ ಆಗ ಆಸ್ಪತ್ರೆಯಲ್ಲಿದ್ದರು, ತಿರುಗಿ ಬರಲಿಲ್ಲ. ಮಾರುತಿ ಬದುಕಿದ್ದಾನೆಂದು ಬಲ್ಲ ನಮ್ಮ ಹುಡುಗರು ಬೇರೆ ಬೇರೆ ಕೆಲಸ ಹಿಡಿದು ಹೋಗಿದ್ದರು, ಆ ವರ್ಷ ಬಂದವರೆಲ್ಲ ಹೊಸಬರು. ಸ್ನೇಹಾ ಇನ್ನೂ ಕೂಸು. ಸುಳ್ಳಿಗೆ ಅದೃಷ್ಟ ಬಲವಾಗಿತ್ತು. ಆ ಮಧ್ಯಾಹ್ನದ ರೆಕಾರ್ಡನ್ನೇ ಸಾಹೇಬರು ಎಲ್ಲರಿಗೂ ಕಳಿಸಿದ್ದರು, ಅದನ್ನು ಹಚ್ಚುವ ಮೊದಲು ಮಕ್ಕಳೆಲ್ಲ ಎದ್ದು ನಿಂತರು. ತಲೆ ತಗ್ಗಿಸಿ, ಮೌನವಾಗಿ, ನನ್ನ ತಮ್ಮನಿಗಾಗಿ. ನಾನೂ ನಿಂತೆ. ನಿಲ್ಲದೆ ಏನು ಮಾಡಲಿ? ಆಮೇಲೆ ಸುರ ಹಚ್ಚಿದರು, ಎಲ್ಲರೂ ಅದಕ್ಕೆ ವಾದ್ಯ ಹೊಂದಿಸಿಕೊಂಡರು. ಅದು ಪದ್ಧತಿಯಾಯಿತು. ಮಾರುತಿಯನ್ನು ಕಾಣದ ಮಕ್ಕಳು, ಅವರ ನಂತರದ ಮಕ್ಕಳು, ಪ್ರತಿ ಮೇಳದಲ್ಲೂ ಮೊದಲು ಎದ್ದು ನಿಂತರು. ಕನ್ನಡದವರು, ಮರಾಠಿಯವರು, ಕೊರಿಯಾದವರು, ಇಟಲಿಯವರು. ಬೇರೆ ಯಾವುದರಲ್ಲೂ ಅವರು ಅಷ್ಟು ಒಂದಾಗಿ ಇದ್ದದ್ದನ್ನು ನಾನು ನೋಡಿಲ್ಲ. ಬಂದ ದೊಡ್ಡವರೆಲ್ಲ ಆ ಮೌನವನ್ನೇ ಹೊಗಳಿದರು.

ಫೋನುಗಳು ಬಂದವು. ವಾದ್ಯ ಹೊಂದಿಸಲು ಫೋನೇ ಸಾಕಾಯಿತು. ಆದರೂ ಮಕ್ಕಳು ಮಾರುತಿಯ ಸುರವನ್ನು ಬಿಡಲಿಲ್ಲ, ಫೋನಿನಿಂದ ಫೋನಿಗೆ ಅದು ಊರೂರು ತಿರುಗಿತು. ಅವರು ನನಗೆ ಮೆಸೇಜು ಕಳಿಸುತ್ತಿದ್ದರು, ಸ್ನೇಹಾ ಓದಿ ಹೇಳುತ್ತಿದ್ದಳು. ಒಮ್ಮೆ ಕೊರಿಯಾದ ಹುಡುಗಿಯೊಬ್ಬಳು ಕೇಳಿದ್ದಳು: ರೆಕಾರ್ಡ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಸುರ ಇರುತ್ತದಲ್ಲ, ಅದು ಹೇಗೆ? ಆಮೇಲೆ ಇಟಲಿಯ ಹುಡುಗನೊಬ್ಬ ಅದನ್ನೇ ಕೇಳಿದ. ಅವರಿಬ್ಬರಿಗೂ ಪರಿಚಯವಿಲ್ಲ. "ಕಿವಿಯ ಚಟ ಅಂತ ಬರೀ," ಎಂದು ಸ್ನೇಹಾಳಿಗೆ ಹೇಳಿದೆ. ಅವಳು ಬರೆದಳು. ಬರೆದು ನನ್ನ ಮುಖ ನೋಡಿದಳು.

ಐಗಳಿಗೆ ಹೋದಾಗ ಕಸ್ತೂರಿ ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಕೇಳಿದಳು. "ಭಾವಾರ, ಈಗ ಎಲ್ಲ್ಯರ ಮೇಳ ನಡದೈತೇನ್ರಿ?"

"ಇಲ್ಲವ್ವಾ. ಯಾಕ?"

"ಮಧ್ಯಾನ ಸುಮ್ನ ಕುಂತಿರ್ತಾರ. ಇದ್ದಕ್ಕಿದ್ದಂಗ ಅವರ ಗಲ್ಲ ಉಬ್ಬತಾವ್ರಿ. ಊದೂ ಹಂಗ. ಕೈಯಾಗ ಏನೂ ಇರೂದಿಲ್ಲ. ಮಾತಾಡ್ಸಿದ್ರ ಓ ಅನ್ನೂದಿಲ್ಲ. ಒಂದೀಟ ಹೊತ್ತಿಗಿ ತಾನ ಇಳೀತಾವ. ನಾ ಏನರ ಅಂದ್ರ, 'ಯಾರೋ ಎಲ್ಲೋ ಹಚ್ಯಾರ' ಅಂತಾರ. ಏನ ಹಚ್ಯಾರ್ರಿ ಭಾವಾರ?"

"ಏನಿಲ್ಲವ್ವಾ. ಹಳೇ ರೂಢಿ," ಎಂದೆ. ಹೊರಗೆ ಮಾರುತಿ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಹಿಂದಿನಿಂದಲೇ "ಬರ್ತೇನೋ" ಎಂದು ಹೇಳಿ ಬಸ್ಸಿಗೆ ನಡೆದೆ.

ನಾನು ನಿವೃತ್ತನಾದೆ. ಸ್ನೇಹಾ ಮೇಳ ವಹಿಸಿಕೊಂಡಳು. ಯಾವಾಗಲೂ ನಿಪ್ಪಾಣಿಯಲ್ಲೇ ಏಕೆ, ಉಳಿದ ಊರಿನ ಮಕ್ಕಳೂ ನೋಡಲಿ ಎಂದು ಈ ಚಳಿಗಾಲದ ಮೇಳವನ್ನು ಅಥಣಿಗೆ ಒಯ್ದಳು. ಅಥಣಿಯಿಂದ ಐಗಳಿ ಬಹಳ ದೂರವೇನಿಲ್ಲ. ಕಸ್ತೂರಿ ಫೋನ್ ಮಾಡಿದಳು. "ಭಾವಾರ, ಇವರು ಮೇಳಕ್ಕ ಬರ್ತೇನಿ ಅಂತ ಹಟ ಹಿಡದಾರ್ರಿ. ಅಂಗಿ ಇಸ್ತ್ರಿ ಮಾಡ್ಸ್ಯಾರ."

ಮೊದಲೇ ಹೋಗಿ ಅವನಿಗೆ ಹೇಳಬೇಕಿತ್ತು. ಸ್ನೇಹಾಳಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂರಿಸಿದರೆ ನಡೆದುಹೋಗುತ್ತದೆ ಅಂದುಕೊಂಡೆ.

ಸಾಲೆಯ ಸಭಾಗೃಹ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಮಾರುತಿ ಗಡ್ಡ ಬಿಟ್ಟು ಅರ್ಧಕ್ಕೆ ಇಳಿದಿದ್ದ. ಗುರುತು ಸಿಗುವ ಹಾಗಿರಲಿಲ್ಲ. ನಾವಿಬ್ಬರೂ ಹಿಂದೆ ಕುಳಿತೆವು. ವೇದಿಕೆಯ ಮೇಲೆ ಮಕ್ಕಳು, ಪಕ್ಕದಲ್ಲಿ ಆನಾ. ಈಗ ಅವಳೇ ಮೇಷ್ಟ್ರು. ಅವಳು ಕೈ ಎತ್ತಿದಳು. ಮಕ್ಕಳೆಲ್ಲ ಎದ್ದು ತಲೆ ತಗ್ಗಿಸಿದರು. ಸಭೆಯೂ ಎದ್ದಿತು. ಮಾರುತಿಯೂ ಗೋಡೆ ಹಿಡಿದು ಎದ್ದು ಕೈ ಮುಗಿದ. ನಮ್ಮ ಮುಂದಿನ ಸಾಲಿನಲ್ಲಿ, ತನ್ನ ಸರದಿ ಕಾಯುತ್ತ, ಹಲಗೆ ನುಡಿಸುವ ನಮ್ಮ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದ.

"ಯಾರ ಸತ್ತಾರವ್ವಾ?"

"ಈ ಸುರ ಹಿಡದವ್ರು ಅಜ್ಜಾ. ದುಂಡಪ್ಪ ಕಾಕಾನ ತಮ್ಮ."

ಅವನು ನನ್ನ ಕಡೆ ತಿರುಗಲಿಲ್ಲ. ಮುಗಿದ ಕೈ ಹಾಗೇ ಇತ್ತು. ಮೌನ ಮುಗಿಯಿತು. ರೆಕಾರ್ಡ್ ಹಚ್ಚಿದರು. ಅವನ ಗಲ್ಲ ಉಬ್ಬುತ್ತದೆ ಎಂದು ನಾನು ಕಾದೆ. ಉಬ್ಬಲಿಲ್ಲ. ತಲೆ ಓರೆ ಮಾಡಿ, ಬೇರೆಯವರ ಮನೆಯ ಮಾತು ಕೇಳುವವನ ಹಾಗೆ ಕೇಳಿದ.

"ಅವರು ಹೇಳೂದು ಸುಳ್ಳಲ್ಲ ಅಣ್ಣಾ," ಎಂದ. "ಇದನ್ನ ಹಿಡದಾವ ಸತ್ತಾನ."

"ಮಾರುತೀ, ನಂದ ತಪ್ಪಾತೋ. ಆವತ್ತ ನಾ ಮುಟ್ಟಾಕ ಬರಲಿಲ್ಲ. ನೀ ಕಾದಿ..."

"ನಾ ಯಾವಾಗ ಕಾದೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬಾಗಲಾ ಎಳದ್ರೆಲ್ಲಾ, ಆಗ ಎದ್ಯಾಗ ಹಿಡಕೊಂತು. ಪೀಪಿ ತಗದ ಬಿಟ್ಟೆ. ನೀವು ಚಾ ಕಪ್ಪು ಕೈಗೆ ತಗೊಂಡಿದ್ರೋ ಇಲ್ಲೋ. ನಾ ಬಿಟ್ಟೆ, ಅದು ಬಿಡಲಿಲ್ಲ. ನನ್ನ ಬಾಜೂಕ ಕುಂತ ಯಾರೋ ಹಿಡಕೊಂಡಿದ್ರು. ನೋಡಾಕ ಹೊಳ್ಳಿದೆ. ಅಷ್ಟ ಗೊತ್ತು, ಬಿದ್ದೆ." ವೇದಿಕೆಯ ಕಡೆ ಗದ್ದ ಎತ್ತಿ, "ಅಪ್ಪ ಉಸರ ತಗೊಳ್ಳುವಾಗ ಮೂಗಿನ್ಯಾಗ ಸಣ್ಣ ಸಿಳ್ಳಿ ಬರ್ತಿತ್ತು, ನೆನಪೈತಿ? ಕೇಳ," ಎಂದ.

ಕೇಳಿದೆ. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ ರೆಕಾರ್ಡು. ಸುರದ ಅಡಿಯಲ್ಲಿ, ತಾಳ ತಪ್ಪದೆ, ಆ ಸಿಳ್ಳು ಇತ್ತು.

"ಇಷ್ಟ ದಿನಾ ಯಾಕ ಹೇಳಲಿಲ್ಲೋ?" ಎಂದೆ.

"ನೀ ಯಾವಾಗರ ಕೇಳಿದೇನು? ಒಮ್ಮಿ ಕೇಳಿದ್ರ ಹೇಳತಿದ್ದೆ. ಕೇಳೂದ ಬಿಟ್ಟ ನನ್ನ ಸಾಯಿಸಿ ಕುಂತಿ." ಈಗ ನನ್ನನ್ನು ನೋಡಿದ. "ಹೋಗ. ಹೋಗಿ ನಾ ಬದುಕೇನಿ ಅಂತ ಹೇಳ. ಎಲ್ಲಾರಿಗೂ."

ನಾನು ವೇದಿಕೆಯವರೆಗೆ ನಡೆದೆ. ಸ್ನೇಹಾ ರೆಕಾರ್ಡ್ ನಿಲ್ಲಿಸಿದಳು. ಮಕ್ಕಳು ವಾದ್ಯ ಹಿಡಿದು ನಿಂತೇ ಇದ್ದರು. ನಾನು ಕನ್ನಡದಲ್ಲಿ ಹೇಳಿದೆ: "ಈ ಸುರ ಹಿಡಿದವನೆಂದು ನೀವು ಎದ್ದು ನಿಂತಿರಲ್ಲ, ನನ್ನ ತಮ್ಮ ಮಾರುತಿ, ಅವನು ಸತ್ತಿಲ್ಲ. ನಾನು ಸುಳ್ಳು ಹೇಳಿದ್ದೆ. ಅಗೋ, ಹಿಂದೆ ನಿಂತಿದ್ದಾನೆ."

ಕನ್ನಡದ ಮಕ್ಕಳು ಸಭೆಯ ಹಿಂದಕ್ಕೆ ನೋಡಿದರು. ಅವರಲ್ಲೊಬ್ಬ ಪಕ್ಕದವನಿಗೆ ಮರಾಠಿಯಲ್ಲಿ ಹೇಳಿದ, ಆ ಸಾಲೂ ಅತ್ತ ನೋಡಿತು. ಸ್ನೇಹಾ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿಂದ ಅದು ಜರ್ಮನ್ ಆಯಿತು, ಪೋಲಿಶ್ ಆಯಿತು, ಒಂದು ಮೂಲೆಯಲ್ಲಿ ಜಪಾನಿ ಆಯಿತು. ನನ್ನ ಸುಳ್ಳು ಒಂದೊಂದೇ ಭಾಷೆಯಲ್ಲಿ ಒಡೆಯುತ್ತ, ಮುಖದಿಂದ ಮುಖಕ್ಕೆ ಹೋಗುವುದನ್ನು ನಾನು ನಿಂತು ನೋಡಬೇಕಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆನಾ ಮಾರುತಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು, ಬಹಳ ಹೊತ್ತು.

ಆಮೇಲೆ ಮಕ್ಕಳು ಕುಳಿತರು. ಅರ್ಥವಾದವರು ಮೊದಲು, ತಡವಾಗಿ ಅರ್ಥವಾದವರು ಆಮೇಲೆ. ಬದುಕಿರುವವನಿಗಾಗಿ ನಿಲ್ಲುವುದು ಬೇಡವಲ್ಲ. ಸಭೆಯೂ ಕುಳಿತಿತು. ಮಾರುತಿ ಮಾತ್ರ ಕೈ ಮುಗಿದು ನಿಂತೇ ಇದ್ದ. ನಾನು ಅವನ ಹತ್ತಿರ ಹೋಗಿ, "ಕುಂದರೋ ತಮ್ಮಾ. ಎಲ್ಲಾರೂ ಕುಂತಾರ. ರೆಕಾರ್ಡೂ ಬಂದ್ ಆಗೈತಿ," ಎಂದೆ.

"ರೆಕಾರ್ಡ್ ಬಂದ್ ಆಗೈತಿ," ಎಂದ. "ಕೇಳ್ನೋಡ."

ನಾನು ಕೇಳಿದೆ. ಅಪ್ಪನ ಸಿಳ್ಳು ಇನ್ನೂ ಇತ್ತು. ಆಮೇಲೆ ನಾನೂ ಅವನ ಪಕ್ಕದಲ್ಲಿ ಕೈ ಮುಗಿದು ನಿಂತೆ.